ನಿಲ್ಲಿಸಲು ಜಾಗವಿಲ್ಲದ ಕಾರಿಗೆ ಘಾಟಿ ಹತ್ತುವ ಪಾಸ್ ಕೊಡಬೇಡಿ: ನೀಲಗಿರಿ ಕಲೆಕ್ಟರ್ ಅವರಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾ ಕಲೆಕ್ಟರ್ ಅವರಿಗೆ,

ಮಸಿನಗುಡಿಯಿಂದ ನಮಸ್ಕಾರಗಳು.

ಇದೇ ವಿಷಯದ ತಮಿಳು ಮನವಿಯನ್ನು ಸೋಮವಾರದ ಅಹವಾಲು ಸಭೆಯಲ್ಲಿ ನಿಮ್ಮ ಕಚೇರಿಗೆ ಕೊಟ್ಟಿದ್ದೇನೆ. ಅದನ್ನೇ ಕನ್ನಡದಲ್ಲಿ ಎಲ್ಲರೆದುರು ಬರೆಯಲು ಕಾರಣವಿದೆ. ನಮ್ಮೂರಿನ ಮೇಲೆ ಹಾದು ಊಟಿಗೆ ಹೋಗುವ ಕಾರುಗಳಲ್ಲಿ ಬಹಳಷ್ಟು ಮೈಸೂರು, ಬೆಂಗಳೂರು ಕಡೆಯವು. ನೀವು ಏನೇ ನಿಯಮ ತಂದರೂ ಪಾಲಿಸಬೇಕಾದವರು ಅವರು. ಹಾಗಾಗಿ ಅವರೂ ಇದನ್ನು ಓದಲಿ.

ನನ್ನ ಕೋರಿಕೆ ಒಂದೇ. ಮೇಲೆ ಗಾಡಿ ನಿಲ್ಲಿಸಲು ಜಾಗ ಖಚಿತವಾಗದ ಯಾವ ಪ್ರವಾಸಿ ಕಾರೂ ಘಾಟಿ ಹತ್ತಬಾರದು. ಜಾಗ ಸಿಗದವರು ಕಾರನ್ನು ಕೆಳಗೇ ಬಿಟ್ಟು ಬಸ್ಸಿನಲ್ಲಿ ಬರಲಿ.

ಬಂಡೀಪುರ–ಮುದುಮಲೆ ಕಾಡಿನ ರಸ್ತೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರುತ್ತದೆ. ಪ್ರಾಣಿಗಳಿಗೆ ಅಷ್ಟಾದರೂ ನೆಮ್ಮದಿ ಬೇಕೇ ಬೇಕು, ಅದರ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೆ ರಜೆ ಸೇರಿ ಬಂದ ಶನಿವಾರ ಏನಾಗುತ್ತದೆ ನೋಡಿ. ಗೇಟು ತೆಗೆಯುವುದನ್ನೇ ಕಾದು ನಿಂತ ಕಾರುಗಳೆಲ್ಲ ಒಟ್ಟಿಗೆ ಒಳಗೆ ನುಗ್ಗುತ್ತವೆ. ಮುದುಮಲೆಯೊಳಗೆ ರಸ್ತೆ ಕವಲೊಡೆಯುವ ತೆಪ್ಪಕಾಡಿನಲ್ಲಿ ಅರ್ಧ ಗೂಡಲೂರಿನ ಕಡೆ ಹೋದರೆ ಇನ್ನರ್ಧ ಮಸಿನಗುಡಿಗೆ ತಿರುಗುತ್ತವೆ, ಏಕೆಂದರೆ ಮೊಬೈಲಿನ ಮ್ಯಾಪು ಇದೇ ಹತ್ತಿರದ ದಾರಿ ಎನ್ನುತ್ತದೆ. ಹತ್ತಿರ ಹೌದು. ಆದರೆ ಅದು 36 ಹೇರ್‌ಪಿನ್ ತಿರುವುಗಳ ಕಲ್ಲಟ್ಟಿ ಘಾಟಿ. ಬಯಲುಸೀಮೆಯಲ್ಲಿ ಓಡಿಸಿ ರೂಢಿಯಾದವರು ತಿರುವಿನ ನಡುವೆ ಗೇರ್ ಬದಲಿಸಲು ಹೋಗಿ ಬಂಡಿ ಆಫ್ ಮಾಡಿಕೊಳ್ಳುತ್ತಾರೆ. ಹಿಂದಿನವರಿಗೆ ಹಿಂದಕ್ಕೆ ಸರಿಯಲು ಜಾಗವಿಲ್ಲ, ಕ್ಲಚ್ ಸುಟ್ಟ ವಾಸನೆ ಘಾಟಿಯುದ್ದಕ್ಕೂ ಹಬ್ಬಿರುತ್ತದೆ.

ಹೇಗೋ ಹತ್ತಿ ತಲೈಕುಂದಾ ತಲುಪಿದರೆ ಗೂಡಲೂರಿನಿಂದ ಬಂದವರೂ ಅಲ್ಲೇ ಬಂದು ಸೇರುತ್ತಾರೆ. ಎರಡು ಹೊಳೆ ಒಂದೇ ಕಾಲುವೆಗೆ ಬಿದ್ದ ಹಾಗೆ. ಅಲ್ಲಿಂದ ಊಟಿಯ ಕಡೆಗೆ ಪೈನ್ ಕಾಡಿನ ಬಳಿ ರಸ್ತೆಯ ಎರಡೂ ಬದಿ ಕಾರು ನಿಂತು, ನಡುವೆ ಒಂದು ಬಸ್ಸು ಹೋಗುವಷ್ಟು ಮಾತ್ರ ಉಳಿಯುತ್ತದೆ. ಊರೊಳಗೆ ಚೇರಿಂಗ್ ಕ್ರಾಸ್, ಬೊಟಾನಿಕಲ್ ಗಾರ್ಡನ್, ಬೋಟ್ ಹೌಸ್, ಎಲ್ಲೆಲ್ಲೂ ಜನ ಜಾಗಕ್ಕಾಗಿ ಸುತ್ತು ಹೊಡೆಯುತ್ತಲೇ ಇರುತ್ತಾರೆ. ಘಾಟಿಯಲ್ಲಿ ಸಾಲು ಕಟ್ಟಲು ಘಾಟಿ ಕಿರಿದಾಗಿರುವುದೊಂದೇ ಕಾರಣ ಅಲ್ಲ. ಮೇಲೆ ಹೋದ ಕಾರಿಗೆ ನಿಲ್ಲಲು ನೆಲೆ ಸಿಕ್ಕಿಲ್ಲ, ಅದು ರಸ್ತೆಯ ಮೇಲೇ ಇದೆ. ರಸ್ತೆ ಅಗಲ ಮಾಡಿ ಎನ್ನುವವರಿಗೆ ನನ್ನ ಉತ್ತರ ಇದೇ. ಅಗಲ ಮಾಡಿದರೆ ಇನ್ನಷ್ಟು ಕಾರು ಬೇಗ ಹೋಗಿ ಅದೇ ಚೇರಿಂಗ್ ಕ್ರಾಸಿನಲ್ಲಿ ಸಿಕ್ಕಿಕೊಳ್ಳುತ್ತವೆ. ಅದಕ್ಕಾಗಿ ಗುಡ್ಡ ಕಡಿದರೆ ಮಳೆಗಾಲದಲ್ಲಿ ಆ ಮಣ್ಣು ಎಲ್ಲಿ ಬಂದು ಬೀಳುತ್ತದೆ ಎಂದು ಈ ಜಿಲ್ಲೆಯವರಿಗೆ ಹೇಳಿಕೊಡಬೇಕಾಗಿಲ್ಲ.

ಹೊರಗಿನ ಗಾಡಿಗಳು ನೀಲಗಿರಿಗೆ ಬರಲು ಆನ್‌ಲೈನಿನಲ್ಲಿ ಮೊದಲೇ ಪಡೆಯಬೇಕಾದ ಇ-ಪಾಸ್ ಇದೆಯಲ್ಲ ಎಂದು ನೀವು ಹೇಳಬಹುದು. ಸೀಸನ್ನಿನಲ್ಲಿ ದಿನಕ್ಕೆ 20,000ದಷ್ಟು ವಾಹನ ಬರುತ್ತವೆ ಎಂಬ ಲೆಕ್ಕ ನೋಡಿಯೇ ಮದ್ರಾಸ್ ಹೈಕೋರ್ಟ್ 2024ರ ಮೇ 7ರಿಂದ ಇ-ಪಾಸ್ ಕಡ್ಡಾಯ ಮಾಡಿಸಿತು. 2025ರ ಏಪ್ರಿಲ್‌ನಿಂದ ಜೂನ್‌ವರೆಗೆ ವಾರದ ದಿನ 6,000, ವಾರಾಂತ್ಯದಲ್ಲಿ 8,000 ವಾಹನ ಎಂಬ ಮಿತಿಯನ್ನೂ ಹಾಕಿತು. ಇದರಿಂದ ಒಳ್ಳೆಯದೇ ಆಯಿತು, ಗಾಡಿಗಳ ಲೆಕ್ಕವಾದರೂ ಸಿಗುವಂತಾಯಿತು. ಆದರೆ ಪಾಸಿನಲ್ಲಿ ದಿನ ಇದೆ, ಗಾಡಿ ನಂಬರ್ ಇದೆ, ಗಾಡಿ ನಿಲ್ಲಿಸುವ ಜಾಗ ಮಾತ್ರ ಇಲ್ಲ. ಎಂಟು ಸಾವಿರದ ಒಳಗೇ ಇದ್ದರೂ ಅವೆಲ್ಲ ಬೆಳಗ್ಗೆ ಹತ್ತರಿಂದ ಹನ್ನೆರಡರೊಳಗೆ ಒಂದೇ ತೋಟದ ಬಾಗಿಲಿಗೆ ಬಂದರೆ ಮಿತಿ ಇದ್ದೂ ಏನು ಪ್ರಯೋಜನ?

ಈ ತೊಂದರೆ ನಮ್ಮ ಬೆಟ್ಟಕ್ಕೆ ಮಾತ್ರ ಬಂದದ್ದಲ್ಲ. ಹಿಮದ ಮೇಲೆ ಸ್ಕೀ ಆಡಲು ಜನ ಮುಗಿಬೀಳುವ ಬೆಟ್ಟಗಳಲ್ಲೂ ಇದೇ ಕಥೆ. ಅಮೆರಿಕದ ಯೂಟಾ ರಾಜ್ಯದಲ್ಲಿ ಲಿಟಲ್ ಕಾಟನ್‌ವುಡ್ ಎಂಬ ಕಣಿವೆ ಇದೆ. ಆಲ್ಟಾ, ಸ್ನೋಬರ್ಡ್ ಎಂಬ ಎರಡು ದೊಡ್ಡ ಸ್ಕೀ ರೆಸಾರ್ಟ್‌ಗಳಿಗೆ ಹೋಗಲು ಇರುವುದು ಅದೊಂದೇ ರಸ್ತೆ. ಹಿಮ ಬಿದ್ದ ಬೆಳಗ್ಗೆ ಕಾರುಗಳ ಹಿಂದಿನ ಕೆಂಪು ದೀಪ ಕಣಿವೆಯುದ್ದಕ್ಕೂ ಸಾಲುಗಟ್ಟುವುದನ್ನು ನೋಡಿ ಅಲ್ಲಿನವರು ಅದನ್ನು ಕೆಂಪು ಹಾವು ಎನ್ನುತ್ತಾರೆ. ಆಲ್ಟಾದವರು 2021–22ರ ಚಳಿಗಾಲದಿಂದ ವಾರಾಂತ್ಯ ಮತ್ತು ರಜಾದಿನಗಳಲ್ಲಿ ಮಧ್ಯಾಹ್ನ 1ರ ಒಳಗೆ ಬರುವ ಕಾರಿಗೆ ಪಾರ್ಕಿಂಗ್ ಮೊದಲೇ ಬುಕ್ ಮಾಡಿರಬೇಕು ಎಂಬ ನಿಯಮ ತಂದರು. ಜಾಗ ಸಿಗದವರಿಗೆ ಕಣಿವೆಯ ಕೆಳಗಿನಿಂದ ಸ್ಕೀ ಬಸ್ ಇದೆ. ಬೆಟ್ಟಕ್ಕೆ ಬರಬೇಡಿ ಎಂದು ಅಲ್ಲಿ ಯಾರೂ ಹೇಳಲಿಲ್ಲ, ಜಾಗ ನೋಡಿಕೊಂಡು ಬನ್ನಿ ಎಂದರು.

ಸ್ವಿಟ್ಜರ್ಲೆಂಡಿನ ಜೆರ್ಮಾಟ್ ಇನ್ನೂ ಒಂದು ಹೆಜ್ಜೆ ಮುಂದೆ. ಪ್ರಪಂಚದ ಎಲ್ಲ ಮೂಲೆಯ ಪ್ರವಾಸಿಗರು ಹೋಗುವ ಊರು, ಆದರೆ ಅವರ ಕಾರಿಗೆ ಊರೊಳಗೆ ಪ್ರವೇಶವಿಲ್ಲ. ಸುಮಾರು 5 ಕಿಲೋಮೀಟರ್ ಕೆಳಗೆ ಟ್ಯಾಶ್ ಎಂಬಲ್ಲಿ ಕಾರು ಬಿಟ್ಟು ರೈಲು ಹತ್ತಬೇಕು. ಕಾರಿಲ್ಲ ಎಂದು ಅಲ್ಲಿನ ಹೋಟೆಲುಗಳೇನೂ ಬಾಗಿಲು ಹಾಕಿಲ್ಲ. ನಮ್ಮಲ್ಲೂ ಬೆಟ್ಟದ ರೈಲಿದೆ. ಮೇಟುಪಾಳ್ಯದಿಂದ ಕೂನೂರಿಗೆ 1899ರಲ್ಲಿ, ಊಟಿಗೆ 1908ರಲ್ಲಿ ತಲುಪಿದ ಈ ರೈಲು 2005ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಅದರ ಸಾಮರ್ಥ್ಯ ಕಡಿಮೆ, ಅದೊಂದನ್ನೇ ನಂಬಿ ಸಾವಿರಾರು ಜನರನ್ನು ಸಾಗಿಸಲಾಗದು. ಹಾಗಾಗಿ ನಮ್ಮ ಉತ್ತರ ಬಸ್ಸೇ.

ಕಾರನ್ನು ಎಲ್ಲಿ ನಿಲ್ಲಿಸುವುದು ಎಂಬ ಪ್ರಶ್ನೆ ಬಂದಾಗ ಮಸಿನಗುಡಿಯ ಬಯಲನ್ನು ಯಾರಾದರೂ ತೋರಿಸಿಯಾರು ಎಂಬ ಆತಂಕ ನನಗಿದೆ. ದಯವಿಟ್ಟು ಅದಕ್ಕೆ ಒಪ್ಪಬೇಡಿ. ಇದು ಸೀಗೂರು ಪ್ರಸ್ಥಭೂಮಿಯ ಆನೆ ದಾರಿ. 2020ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಈ ಆನೆ ಕಾರಿಡಾರ್ ಅಧಿಸೂಚನೆಯನ್ನು ಎತ್ತಿಹಿಡಿದಿದೆ. ರೆಸಾರ್ಟ್‌ಗಳನ್ನು ತೆರವು ಮಾಡಿಸಬೇಕಾದ ನೆಲದಲ್ಲಿ ಸಾವಿರ ಕಾರು ನಿಲ್ಲಿಸುವುದು ನ್ಯಾಯವಲ್ಲ. ಕರ್ನಾಟಕ, ಕೇರಳ ಎರಡೂ ಕಡೆಯ ರಸ್ತೆ ಸೇರುವುದು ಗೂಡಲೂರಿನಲ್ಲಿ, ಜಾಗ ಹುಡುಕಬೇಕಾದದ್ದು ಅಲ್ಲಿ. ಕೊಯಮತ್ತೂರು ಕಡೆಯವರಿಗೆ ಮೇಟುಪಾಳ್ಯ. ಅದು ನಿಮ್ಮ ಜಿಲ್ಲೆಗೆ ಸೇರಿದ್ದಲ್ಲ, ಪಕ್ಕದ ಜಿಲ್ಲೆಯ ಕಲೆಕ್ಟರ್ ಜೊತೆ ಕೂತು ಮಾತಾಡಬೇಕಾಗುತ್ತದೆ. ಸೀಸನ್ನಿನಲ್ಲಿ ಊಟಿಯೊಳಗೆ ಸುತ್ತು ಬಸ್ಸು ಓಡಿಸಿದ ಅನುಭವ ಸರ್ಕಾರಕ್ಕೆ ಇದೆ, ಅದನ್ನೇ ಕೆಳಗಿನವರೆಗೂ ಎಳೆದರೆ ಆಯಿತು.

ಬಸ್ಸು ಹೇಗಿರಬೇಕು ಎಂದು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯೋಜನೆಗಳು ಸೋಲುವುದು ಇಲ್ಲೇ. ಕಾರು ಬಿಟ್ಟವನಿಗೆ ಕಾಲು ಗಂಟೆಗೊಂದು ಬಸ್ಸು ಕಾಣಬೇಕು. ಕೈಯಲ್ಲಿ ಮಗು, ಜೊತೆಗೆ ವಯಸ್ಸಾದ ಅಮ್ಮ, ಮೂರು ಬ್ಯಾಗು ಇದ್ದವನು ಬಿಸಿಲಲ್ಲಿ ಒಂದು ಗಂಟೆ ನಿಂತರೆ ಮುಂದಿನ ವರ್ಷ ಹೇಗಾದರೂ ಮಾಡಿ ಕಾರಲ್ಲೇ ಬರುತ್ತಾನೆ. ಸಾಮಾನು ಇಡಲು ಜಾಗ, ಶುಚಿಯಾದ ಶೌಚಾಲಯ, ಕಾರಿಗೆ ಕಾವಲು, ಸಂಜೆ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂಬ ಬೋರ್ಡು. ರಾತ್ರಿ 9ಕ್ಕೆ ಕಾಡಿನ ಗೇಟು ಮುಚ್ಚುವುದರಿಂದ ಈ ಕೊನೆಯ ಬಸ್ಸಿನ ಸಮಯ ಬಹಳ ಮುಖ್ಯ. ಈಗ ಸಂಜೆಯಾದರೆ ಸಾಕು, ಗೇಟು ಮುಚ್ಚುವುದರೊಳಗೆ ದಾಟಬೇಕು ಎಂದು ಮುದುಮಲೆಯೊಳಗೆ ಕಾರುಗಳು ಓಟಕ್ಕೆ ಬಿದ್ದಂತೆ ಹೋಗುತ್ತವೆ. ಆನೆ, ಜಿಂಕೆ ರಸ್ತೆ ದಾಟುವ ಹೊತ್ತೂ ಅದೇ.

ಊಟಿ ಕಡೆಯಿಂದ ಕಲ್ಲಟ್ಟಿ ಇಳಿಯಲು ಹೊರಗಿನ ಗಾಡಿಗಳಿಗೆ ಅವಕಾಶವಿಲ್ಲ. 2018ರ ಅಕ್ಟೋಬರ್‌ನಲ್ಲಿ ಚೆನ್ನೈನಿಂದ ಬಂದ ಏಳು ಜನರ ಕಾರು ಇಲ್ಲೇ ಕಮರಿಗೆ ಬಿದ್ದು ಎರಡು ದಿನ ಯಾರಿಗೂ ಗೊತ್ತಾಗಲಿಲ್ಲ. ಐವರು ತೀರಿಕೊಂಡರು. ನಿಷೇಧ ಬಂದದ್ದು ಆಮೇಲೆ. ಆದರೆ ಮ್ಯಾಪು ಈಗಲೂ ಜನರನ್ನು ತಲೈಕುಂದಾಕ್ಕೆ ತಂದು ನಿಲ್ಲಿಸುತ್ತದೆ, ಪೊಲೀಸರು ವಾಪಸ್ ಕಳಿಸುತ್ತಾರೆ, ಅಲ್ಲೇ ಗಾಡಿ ತಿರುಗಿಸಿ ಮತ್ತೊಂದು ಸಾಲು ಕಟ್ಟುತ್ತದೆ. ಎಚ್ಚರಿಕೆ ಬೋರ್ಡುಗಳನ್ನು ಕನ್ನಡದಲ್ಲೂ ಹಾಕಿಸಿ. ಗುಂಡ್ಲುಪೇಟೆಯಲ್ಲೇ ಒಂದು ದೊಡ್ಡ ಬೋರ್ಡು ಇರುವಂತೆ ಚಾಮರಾಜನಗರ ಜಿಲ್ಲಾಡಳಿತವನ್ನು ಕೇಳಿಕೊಳ್ಳಿ.

ನಮಗೆ ಇದು ಯಾಕಿಷ್ಟು ಮುಖ್ಯ ಎಂದರೆ, ಈ ರಸ್ತೆ ಬಿಟ್ಟರೆ ನಮಗೆ ದಾರಿಯಿಲ್ಲ. ದೊಡ್ಡ ಕಾಯಿಲೆ ಬಂದರೆ ಊಟಿಗೋ ಗೂಡಲೂರಿಗೋ ಹೋಗಬೇಕು. 2025ರಲ್ಲಿ ಊಟಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಹೊಸ ಆಸ್ಪತ್ರೆ ಶುರುವಾದಾಗ ಇನ್ನು ಕೊಯಮತ್ತೂರಿಗೆ ಓಡಬೇಕಿಲ್ಲ ಎಂದು ಎಷ್ಟು ಸಂತೋಷಪಟ್ಟೆವು. ಆದರೆ ನಮ್ಮ ಬೀದಿಯ ಬಸುರಿ ಹೆಣ್ಣುಮಗಳನ್ನು ಕರೆದೊಯ್ದ ಆಂಬುಲೆನ್ಸ್ ಭಾನುವಾರ ಮಧ್ಯಾಹ್ನ ಘಾಟಿಯಲ್ಲಿ ಸಿಕ್ಕಿಕೊಂಡು, ಮುಂದಿನ ಕಾರಿನವರು ಇಳಿದು ಒಂದೊಂದೇ ಗಾಡಿಯನ್ನು ಅಂಚಿಗೆ ಸರಿಸಬೇಕಾಯಿತು. ತಾಯಿ ಮಗು ಇಬ್ಬರೂ ಉಳಿದರು. ಅಂಚಿನಲ್ಲಿ ಸರಿಯಲು ಜಾಗವಿಲ್ಲದ ತಿರುವಿನಲ್ಲಿ ಸಿಕ್ಕಿದ್ದರೆ ಏನಾಗುತ್ತಿತ್ತೋ, ನೆನೆಸಿಕೊಂಡರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಪ್ರವಾಸಿಗರು ಬೇಡ ಎನ್ನುವವನಲ್ಲ ನಾನು. ನಮ್ಮ ಹುಡುಗರು ಜೀಪು ಓಡಿಸುವುದು, ಹೆಂಗಸರು ಹೋಟೆಲಿನಲ್ಲಿ ದುಡಿಯುವುದು ಅವರಿಂದಲೇ. 2025ರ ಏಪ್ರಿಲ್ ಮೊದಲ ವಾರ ಇ-ಪಾಸ್ ವಿರೋಧಿಸಿ ವರ್ತಕರು ಅಂಗಡಿ ಮುಚ್ಚಿದ್ದು ನನಗೆ ಅರ್ಥವಾಗುತ್ತದೆ. ಅವರ ಭಯ ಗಿರಾಕಿ ಕಡಿಮೆಯಾಗುತ್ತಾರೆ ಎಂಬುದು. ಒಂದು ಬಸ್ಸಿನಲ್ಲಿ ಹತ್ತು ಹದಿನೈದು ಕಾರಿನ ಜನ ಬರುತ್ತಾರೆ, ಬಂದವರು ಕಾಲ್ನಡಿಗೆಯಲ್ಲಿ ಪೇಟೆ ಸುತ್ತುತ್ತಾರೆ, ಅಂಗಡಿಗೂ ಹೊಗುತ್ತಾರೆ. ಜಾಗ ಸಿಗದೆ ಕಾರಲ್ಲೇ ಕೂತು ಮೂರು ಗಂಟೆ ಕಳೆದವರು ಊಟಿಯ ವರ್ಕಿ ಬಿಸ್ಕತ್ತು, ಚಾಕಲೇಟು ಕೊಳ್ಳಲು ಇಳಿಯುವುದಿಲ್ಲ. ಈ ಮಾತನ್ನು ವರ್ತಕರ ಸಂಘದವರನ್ನು ಕರೆದು ನೀವೇ ಹೇಳಿದರೆ ತೂಕ ಹೆಚ್ಚು.

ಕರ್ನಾಟಕದಿಂದ ಬರುವ ಅಣ್ಣ ಅಕ್ಕಂದಿರಿಗೂ ಒಂದು ಮಾತು. ಮೈಸೂರಿನಿಂದ ಊಟಿಗೆ ಎರಡೂ ರಾಜ್ಯದ ಸಾರಿಗೆ ಬಸ್ಸುಗಳಿವೆ. ಕಾರಲ್ಲೇ ಬಂದರೆ ದಯವಿಟ್ಟು ಕಾಡಿನ ರಸ್ತೆಯಲ್ಲಿ ಫೋಟೊಕ್ಕಾಗಿ ನಿಲ್ಲಿಸಬೇಡಿ. ಘಾಟಿಯಲ್ಲಿ ಹತ್ತುವ ಗಾಡಿಗೆ ದಾರಿ ಬಿಡಿ. ಆಂಬುಲೆನ್ಸ್ ಸದ್ದು ಕೇಳಿದರೆ ಮೊದಲ ಅಗಲ ಜಾಗದಲ್ಲೇ ಸರಿದುಕೊಳ್ಳಿ.

ಕಲೆಕ್ಟರ್ ಅವರೇ, ಮುಂದಿನ ಏಪ್ರಿಲ್‌ನೊಳಗೆ ಎಲ್ಲವೂ ಆಗಲಿಕ್ಕಿಲ್ಲ, ನನಗೂ ಗೊತ್ತು. ಮೇ ತಿಂಗಳ ಹೂವಿನ ಪ್ರದರ್ಶನದ ದಿನಗಳಲ್ಲಾದರೂ ಶುರು ಮಾಡಿ. ಊಟಿಯಲ್ಲಿ ಎಲ್ಲೆಲ್ಲಿ ಎಷ್ಟು ಕಾರು ನಿಲ್ಲಬಹುದು ಎಂದು ಅಳೆಯಿಸಿ ಆ ಸಂಖ್ಯೆಯನ್ನು ಪ್ರಕಟಿಸಿ. ಪಾಸಿನ ಜೊತೆಗೇ ಪಾರ್ಕಿಂಗ್ ಜಾಗ, ತಲುಪುವ ಹೊತ್ತು ಎರಡನ್ನೂ ಸೇರಿಸಿ. ಗೂಡಲೂರಿನಲ್ಲಿ ಒಂದು ಮೈದಾನ, ಅಲ್ಲಿಂದ ಬಸ್ಸು, ಇಷ್ಟರಿಂದ ಆರಂಭವಾಗಲಿ. ಸ್ಥಳೀಯರ ಸಭೆ ಕರೆದರೆ ಮಸಿನಗುಡಿಯಿಂದ ನಾವು ಬರುತ್ತೇವೆ, ಯಾವ ತಿರುವಿನಲ್ಲಿ ಯಾವ ಹೊತ್ತಿಗೆ ಸಾಲು ಕಟ್ಟುತ್ತದೆ ಎಂದು ನಕ್ಷೆಯ ಮೇಲೆ ತೋರಿಸುತ್ತೇವೆ.

ಇತಿ ತಮ್ಮ ವಿಶ್ವಾಸಿ,
ಮಸಿನಗುಡಿಯ ಒಬ್ಬ ನಿವಾಸಿ