ಮೊದಲು ದಫ್ತರ, ಆಮೇಲೆ ಕಲ್ಲು: ನಗರಪಾಲಿಕೆ ಆಯುಕ್ತರಿಗೊಂದು ಬಹಿರಂಗ ಪತ್ರ

ಮಾನ್ಯ ಆಯುಕ್ತರೇ,

ನಗರದ ಸರ್ವಧರ್ಮ ಸಮಾಧಿಭೂಮಿಯ ‘ಸುಂದರೀಕರಣ’ ನಿಲ್ಲಿಸಿ ಎಂದು ಅರ್ಜಿ ಕೊಟ್ಟೂ ಕೊಟ್ಟೂ ಸಾಕಾಗಿದೆ. ಬರುವ ಉತ್ತರ ಒಂದೇ: ಪರಿಶೀಲಿಸಲಾಗುವುದು. ಅಷ್ಟರಲ್ಲಿ ಹುಲ್ಲು ಕತ್ತರಿಸುವ ಯಂತ್ರಕ್ಕೆ ಅಡ್ಡಿಯೆಂದು ಹಳೇ ವಿಭಾಗದ ವಾಲಿದ ಕಲ್ಲುಗಳನ್ನೆಲ್ಲ ಕಿತ್ತು ಕಾಂಪೌಂಡಿಗೆ ಒರಗಿಸಿದ್ದಾರೆ. ಯಾವ ಕಲ್ಲು ಯಾವ ಸಮಾಧಿಯದು ಎಂದು ಬರೆದಿಟ್ಟುಕೊಂಡಿಲ್ಲ, ಕೀಳುವ ಮುಂಚೆ ಫೋಟೊ ಕೂಡ ತೆಗೆದಿಲ್ಲ. ಕೇಳಿದರೆ ‘ರಿಜಿಸ್ಟರ್‌ನಲ್ಲಿ ಇರುತ್ತಲ್ಲ’ ಅನ್ನುತ್ತಾರೆ. ಆ ರಿಜಿಸ್ಟರ್ ಬಿದ್ದಿರುವುದು ಒದ್ದೆ ಕೋಣೆಯ ನೆಲದ ಮೇಲೆ. ಬೈಂಡು ಬಿಚ್ಚಿಹೋಗಿದೆ, ಕೆಳಗಿನ ಸಂಪುಟಗಳ ಹಾಳೆಗಳು ಒಂದಕ್ಕೊಂದು ಅಂಟಿ ಹಲಗೆಯಂತಾಗಿವೆ.

ಚರ್ಚಿನ ಅಂಗಳದಲ್ಲಿ ಮಣ್ಣಾದವರ ಹೆಸರು ಚರ್ಚಿನ ಪುಸ್ತಕದಲ್ಲಾದರೂ ಸಿಗುತ್ತದೆ. ಯಾವ ಮತಕ್ಕೂ ಸೇರದ ಭೂಮಿಯಲ್ಲಿ ಉಳಿಯುವ ಸಾಕ್ಷಿ ಎರಡೇ, ಕಲ್ಲು ಮತ್ತು ದಫ್ತರ, ಅಂದರೆ ಹೂತವರ ಈ ರಿಜಿಸ್ಟರ್. ಬಡವರಿಗೆ ಕಲ್ಲೂ ಇಲ್ಲ.

ಇಂಥ ಭೂಮಿಗಳು ಹುಟ್ಟಿದ್ದೇ ಅವ್ಯವಸ್ಥೆಗೆ ಬೇಸತ್ತು. ಪ್ಯಾರಿಸ್‌ನ ಇನೊಸಾಂ ಸ್ಮಶಾನದಲ್ಲಿ ಶತಮಾನಗಟ್ಟಲೆ ಹೆಣದ ಮೇಲೆ ಹೆಣ ಹೂತರು. 1780ರಲ್ಲಿ ಪಕ್ಕದ ಮನೆಯ ನೆಲಮಾಳಿಗೆಯ ಗೋಡೆಯೇ ಕುಸಿದ ಮೇಲೆ ಅಲ್ಲಿ ಹೂಳುವುದು ನಿಂತಿತು. 1804ರಲ್ಲಿ ಅದೇ ಊರಿನ ಹೊಸ ಸ್ಮಶಾನ ಪೇರ್ ಲಾಶೇಸ್ ತೆರೆಯಿತು. ಅದೇ ವರ್ಷದ ನೆಪೋಲಿಯನ್ ಸರ್ಕಾರದ ಆಜ್ಞೆ ಪ್ರತಿ ಶವಕ್ಕೂ ಬೇರೆ ಗುಂಡಿ, ಒಂದೂವರೆಯಿಂದ ಎರಡು ಮೀಟರ್ ಆಳ ಎಂದು ಗೊತ್ತುಮಾಡಿತು. ಮತಕ್ಕೊಂದು ಪಾಲು ಆಗಲೂ ಇತ್ತು, ಅದು ರದ್ದಾದದ್ದು 1881ರ ಕಾನೂನಿನಿಂದ. ವಿಯೆನ್ನಾದ ಕೇಂದ್ರ ಸ್ಮಶಾನ ಎಲ್ಲ ಮತದವರಿಗೂ ಎಂದಾಗ ಕ್ಯಾಥೊಲಿಕರು ಜಗಳ ತೆಗೆದರು. ಆದರೂ 1874ರಲ್ಲಿ ಅದು ಶುರುವಾಯಿತು. ಇವತ್ತು ಅಲ್ಲಿ ಸುಮಾರು 30 ಲಕ್ಷ ಜನ ಮಲಗಿದ್ದಾರೆ, ಊರಿನ ಜನಸಂಖ್ಯೆಗಿಂತ ಹೆಚ್ಚು. ದಫ್ತರವಿಲ್ಲದೆ ಅಷ್ಟು ಮಂದಿಯಲ್ಲಿ ಒಬ್ಬರನ್ನು ಹುಡುಕುವುದುಂಟೇ? ಲಂಡನ್‌ನಲ್ಲಿ 1840ರಲ್ಲಿ ತೆರೆದ ಅಬ್ನಿ ಪಾರ್ಕ್ ಸ್ಮಶಾನ ನಡೆಸುತ್ತಿದ್ದ ಕಂಪನಿ 1970ರ ದಶಕದಲ್ಲಿ ಮುಳುಗಿತು, ಭೂಮಿ ಕಾಡು ಬೆಳೆಯಿತು. ಹೊಸ ಜಾಗ ಮುಗಿದರೆ ಆದಾಯವೂ ಮುಗಿಯುತ್ತದೆ, ನಿರ್ವಹಣೆಯ ಖರ್ಚು ಮುಗಿಯುವುದಿಲ್ಲ. ಬಜೆಟ್ ಬರೆಯುವಾಗ ಇದು ಗಮನದಲ್ಲಿರಲಿ.

ಮೊದಲು ದಫ್ತರ ಉಳಿಸಿ. ಸಂಪುಟಗಳನ್ನು ನೆಲದಿಂದೆತ್ತಿ ಗಾಳಿಯಾಡುವ ಕೋಣೆಗೆ ಸಾಗಿಸಿ. ತೇವಾಂಶ ಶೇ. 65 ದಾಟಿದರೆ ಬೂಷ್ಟು ಹಿಡಿಯುತ್ತದೆ. ಅಂಟಿದ ಹಾಳೆಗಳನ್ನು ಯಾರೂ ಎಳೆದು ಬಿಡಿಸಬಾರದು, ಅದು ಸಂರಕ್ಷಣೆಯ ಕೆಲಸ ಬಲ್ಲವರ ಪಾಲಿಗಿರಲಿ. ಸೆಲೋಟೇಪ್ ಬೇಡ, ಲ್ಯಾಮಿನೇಷನ್ ಖಂಡಿತ ಬೇಡ. ಬಿಡಿಯಾಗಿರುವ ಪ್ರತಿ ಪುಟದ ಫೋಟೊ ತೆಗೆಸಿ, ವಿಭಾಗ, ಸಾಲು, ಸಂಖ್ಯೆ, ಹೆಸರು, ತಾರೀಖಿನ ಜತೆಗೆ ಆಳವನ್ನೂ ನಮೂದಿಸಿ. ಒಂದೇ ಗುಂಡಿಯಲ್ಲಿ ಒಬ್ಬರ ಮೇಲೊಬ್ಬರನ್ನು ಹೂತಿದ್ದರೆ ಆಳದ ಲೆಕ್ಕ ತಪ್ಪಿದ ದಿನ ಗುದ್ದಲಿ ಎಲುಬಿಗೆ ತಾಗುತ್ತದೆ.

ಕಲ್ಲಿನ ಸರದಿ ಆಮೇಲೆ. ಗುತ್ತಿಗೆದಾರರು ಅಮೃತಶಿಲೆಗೆ ಆಸಿಡ್ ಸುರಿದು ತಂತಿ ಬ್ರಷ್ಷಿನಿಂದ ಉಜ್ಜಿಸುತ್ತಿದ್ದಾರೆ. ಅಮೃತಶಿಲೆ ಕ್ಯಾಲ್ಸಿಯಂ ಕಾರ್ಬೊನೇಟ್, ಆಸಿಡ್ ಬಿದ್ದರೆ ನೊರೆಯೆದ್ದು ಕರಗುತ್ತದೆ. ಬಿಳಿ ಬಂತು ಎಂದು ತೋರಿಸುವ ಜಾಗದಲ್ಲೇ ಅಕ್ಷರದ ಅಂಚು ಹೋಗಿರುತ್ತದೆ. ಶುದ್ಧ ನೀರು, ಮೆತ್ತನೆಯ ಬ್ರಷ್ಷು, ತಾಳ್ಮೆ, ಇಷ್ಟು ಸಾಕು. ಒಡೆದ ಕಲ್ಲಿಗೆ ಸಿಮೆಂಟ್ ಮೆತ್ತಬೇಡಿ. ಅದು ಕಲ್ಲಿಗಿಂತ ಗಟ್ಟಿ, ನೀರನ್ನೂ ಹೊರಬಿಡದು, ಕೊನೆಗೆ ಪಕ್ಕದ ಕಲ್ಲೇ ಸೀಳುತ್ತದೆ. ಸುಣ್ಣದ ಗಾರೆ ಬಳಸಿ. ಒಳಗಿನ ಕಬ್ಬಿಣದ ಸರಳು ತುಕ್ಕು ಹಿಡಿದು ಉಬ್ಬುತ್ತದೆ, ಅದರ ಬದಲು ಸ್ಟೇನ್‌ಲೆಸ್ ಸ್ಟೀಲ್ ಹಾಕಿಸಿ. ಸವೆದ ಬರಹ ಓದಲು ಸೀಮೆಸುಣ್ಣ ತಿಕ್ಕಬೇಕಿಲ್ಲ, ಕನ್ನಡಿ ಹಿಡಿದು ಪಕ್ಕದಿಂದ ಬೆಳಕು ಬೀಳಿಸಿ ಫೋಟೊ ತೆಗೆದರೆ ಅಕ್ಷರ ಎದ್ದು ಕಾಣುತ್ತದೆ.

ಸತ್ತವರು ಮತ ಹಾಕುವುದಿಲ್ಲ, ಅದಕ್ಕೇ ಅವರ ಕಡತ ಯಾವತ್ತೂ ಅಡಿಯಲ್ಲೇ ಉಳಿಯುತ್ತದೆ. ಗುತ್ತಿಗೆ ಇಂದೇ ತಡೆಹಿಡಿಯಿರಿ. ಗೋಡೆಗೆ ಒರಗಿಸಿದ ಕಲ್ಲುಗಳನ್ನು ಇನ್ನೊಂದು ಅಂಗುಲವೂ ಕದಲಿಸದೆ, ಒಂದೊಂದಕ್ಕೂ ಸಂಖ್ಯೆಯ ಚೀಟಿ ಕಟ್ಟಿಸಿ. ದಫ್ತರದ ಕೋಣೆಯ ಬೀಗದ ಕೈ ಯಾರ ಹತ್ತಿರ ಇದೆ, ಸಂಪುಟಗಳು ಯಾವತ್ತು ಹೊರಬರುತ್ತವೆ ಎಂಬುದನ್ನು ಲಿಖಿತವಾಗಿ ತಿಳಿಸಿ.

ಇತಿ,
ಸಮಾಧಿಭೂಮಿಯ ದಾಖಲೆ ಕೆಲಸದಲ್ಲಿ ತೊಡಗಿರುವ ನಾಗರಿಕರು