ಹಿತ್ತಲ ಓಣಿಯನ್ನು ಉಳಿಸಿಕೊಡಿ: ಬಸವನಗುಡಿ ನಿವಾಸಿಗಳ ಏಳನೆಯ ಮನವಿ

ಇವರಿಂದ:
ಬಸವನಗುಡಿ ಹಳೆಯ ಬಡಾವಣೆಯ ನಿವಾಸಿಗಳು (ಸಹಿಗಳ ಪಟ್ಟಿ ಲಗತ್ತಿಸಿದೆ)

ಇವರಿಗೆ:
ಮಾನ್ಯ ಆಯುಕ್ತರು, ನಗರ ಪಾಲಿಕೆ

ವಿಷಯ: ನಮ್ಮ ಮನೆಗಳ ಹಿಂದಿನ ಕನ್ಸರ್ವೆನ್ಸಿ ಓಣಿಯ (ಮನೆಗಳ ಹೊಲಸು ಸಾಗಿಸಲೆಂದು ಬಿಟ್ಟಿದ್ದ ಹಿತ್ತಲ ದಾರಿಯ) ಕಸ, ಕೊಳಚೆ ನೀರು, ಒತ್ತುವರಿ ಹಾಗೂ ಇತರ ಕುಂದುಕೊರತೆಗಳು.

ಮಾನ್ಯರೇ,

ಇದೇ ವಿಷಯಕ್ಕೆ ನಾವು ಬರೆಯುತ್ತಿರುವ ಏಳನೆಯ ಪತ್ರ ಇದು. ಹಿಂದಿನ ಆರು ಪತ್ರಗಳ ಸ್ವೀಕೃತಿ ಮುದ್ರೆಯಿರುವ ಪ್ರತಿಗಳನ್ನು ಲಗತ್ತಿಸಿದ್ದೇವೆ. ಎರಡಕ್ಕೆ ಮಾತ್ರ ಉತ್ತರ ಬಂದಿದೆ. ಎರಡರಲ್ಲೂ ಇರುವುದು ಒಂದೇ ವಾಕ್ಯ: "ಸೂಕ್ತ ಕ್ರಮಕ್ಕಾಗಿ ಸಂಬಂಧಪಟ್ಟವರಿಗೆ ರವಾನಿಸಲಾಗಿದೆ." ಆ ಸಂಬಂಧಪಟ್ಟವರು ಯಾರೆಂದು ಹುಡುಕುವುದರಲ್ಲೇ ನಮಗೆ ಮೂರು ವರ್ಷ ಕಳೆದಿದೆ.

ಕಳೆದ ಸಲ ಸ್ಥಳಕ್ಕೆ ಬಂದ ತಮ್ಮ ಇಂಜಿನಿಯರ್ ಒಬ್ಬರು ಓಣಿಯ ಬಾಯಲ್ಲೇ ನಿಂತು, ಮೂಗಿಗೆ ಕರ್ಚೀಫ್ ಹಿಡಿದು, "ಈ ಗಲ್ಲಿ ಈಗ ಯಾತಕ್ಕೆ ಬೇಕ್ರೀ, ಮುಚ್ಚಿಬಿಟ್ಟರೆ ಆಯಿತಲ್ಲ" ಎಂದರು. ಆ ಮಾತು ನಮಗೆ ತುಂಬ ನೋವು ಕೊಟ್ಟಿತು. ಅದಕ್ಕೇ ಈ ಸಲ ಓಣಿಯ ಹಿನ್ನೆಲೆಯನ್ನೂ ಬರೆಯುತ್ತಿದ್ದೇವೆ. ದಯವಿಟ್ಟು ಪೂರ್ತಿ ಓದಬೇಕು.

1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಪ್ಲೇಗ್ ಕಾಲಿಟ್ಟಿತು. ಪೇಟೆಯ ಇಕ್ಕಟ್ಟು ಬೀದಿಗಳಲ್ಲಿ, ಗಾಳಿ ಬೆಳಕಿಲ್ಲದ ಮನೆಗಳಲ್ಲಿ ಸಾವಿರಾರು ಜನ ಸತ್ತರು. ಉಳಿದವರು ಮನೆಗೆ ಬೀಗ ಹಾಕಿ ಊರಾಚೆ ಗುಡಿಸಲು ಹಾಕಿಕೊಂಡರು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಗುರುತು ಮಾಡಿದ್ದ ಎರಡು ಬಡಾವಣೆಗಳು, ಉತ್ತರಕ್ಕೆ ಮಲ್ಲೇಶ್ವರ, ದಕ್ಷಿಣಕ್ಕೆ ನಮ್ಮ ಬಸವನಗುಡಿ, ಜನರಿಂದ ತುಂಬಿದ್ದು ಈ ಸಾವಿನ ಭಯದಿಂದ. ಅಗಲವಾದ ನೇರ ರಸ್ತೆಗಳು, ಮನೆ ಮನೆಯ ನಡುವೆ ಜಾಗ, ಈಗ ಕೃಷ್ಣರಾವ್ ಪಾರ್ಕ್ ಇರುವ ನಡುವಣ ಚೌಕ, ಮತ್ತು ಮನೆಸಾಲುಗಳ ಬೆನ್ನಿಗೆ ಈ ಕನ್ಸರ್ವೆನ್ಸಿ ಓಣಿ. ಊರಿನ ಹೊಲಸು ಮನೆಯ ಮುಂದೆ ನಿಲ್ಲಬಾರದು ಎಂದೇ ಬಿಟ್ಟ ಜಾಗ ಅದು. ಆ ಓಣಿಯಲ್ಲಿ ಇವತ್ತು ಹಾಡಹಗಲಲ್ಲಿ ಹೆಗ್ಗಣಗಳು ಓಡಾಡುತ್ತಿವೆ. ಪ್ಲೇಗಿಗೆ ಹೆದರಿ ಬಂದವರು ನೆಲೆಸಿದ ಬಡಾವಣೆಯಲ್ಲಿ ಇಲಿಗಳನ್ನು ಸಾಕುತ್ತಿರುವುದು ಯಾರ ಹೊಣೆ ಎಂದು ತಮ್ಮನ್ನು ನೇರವಾಗಿ ಕೇಳುತ್ತಿದ್ದೇವೆ.

ಇನ್ನೊಂದು ಮಾತನ್ನೂ ಮರೆಮಾಚದೆ ಹೇಳಬೇಕು. ಒಳಚರಂಡಿ ಬರುವ ಮುಂಚೆ ಈ ಓಣಿಯಲ್ಲಿ ನಡೆದವರು ನಮ್ಮ ಅಜ್ಜ ಅಜ್ಜಿಯರ ಮನೆಗಳ ಮಲವನ್ನು ಹೊತ್ತ ಜನ. ಮುಂಬಾಗಿಲಿಗೆ ಅವರನ್ನು ಬರಗೊಡಲಿಲ್ಲ. ಹಿಂಬಾಗಿಲ ಓಣಿಯೇ ಅವರ ದಾರಿಯಾಗಿತ್ತು. 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಸಚಿವರಾಗಿ ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಿದ ರಾಜ್ಯ ನಮ್ಮದು. ಆದರೆ ಕಳೆದ ಮಳೆಗಾಲದಲ್ಲಿ ಒಳಚರಂಡಿಯ ಚೇಂಬರ್ ಕಟ್ಟಿಕೊಂಡು ಮಲದ ನೀರು ಓಣಿಗೆ ಹರಿದಾಗ, ಕೈಗವಸು, ಬೂಟು ಯಾವುದೂ ಇಲ್ಲದ ಇಬ್ಬರು ಹುಡುಗರನ್ನು ಗುತ್ತಿಗೆದಾರರು ಬಕೆಟ್ ಕೊಟ್ಟು ಅದೇ ಓಣಿಗೆ ಇಳಿಸಿದರು. ನಾವು ಅಡ್ಡ ನಿಂತು ತಡೆದೆವು. ನೀರಿನ ರಭಸದಿಂದ ಚರಂಡಿ ತೆಗೆಯುವ ಜೆಟ್ಟಿಂಗ್ ಮೆಷಿನ್ ತರಿಸಿ ಎಂದು ಕೂಗಾಡಿದ್ದಕ್ಕೆ "ನೀವೇ ಕೆಲಸ ನಿಲ್ಲಿಸಿದಿರಿ" ಎಂದು ಬರೆದುಕೊಂಡು ಹೋದರು. ಪೌರಕಾರ್ಮಿಕರ ಮೇಲೆ ನಮ್ಮ ದೂರು ಒಂದೂ ಇಲ್ಲ. ಬೆಳಗಿನ ಜಾವ ಬಂದು ಬೀದಿ ಗುಡಿಸುವ ಹೆಣ್ಣುಮಕ್ಕಳಿಗೆ ಪೊರಕೆ ಕೂಡ ಸರಿಯಾಗಿ ಸಿಗುವುದಿಲ್ಲವೆಂಬುದನ್ನು ಕಣ್ಣಾರೆ ಕಂಡಿದ್ದೇವೆ. ಅವರನ್ನು ಮುಂದೆ ಮಾಡಿ ಮೇಲಿನವರು ತಪ್ಪಿಸಿಕೊಳ್ಳಬಾರದು.

ಒಳಚರಂಡಿ ಬಂದ ಮೇಲೆ ಓಣಿಯ ಬದುಕೇ ಬೇರೆಯಾಯಿತು. ಹಿತ್ತಲ ಬಾಗಿಲು ತೆರೆದರೆ ಎದುರು ಮನೆಯ ಹಿತ್ತಲು. ಹೆಪ್ಪಿಗೆ ಮಜ್ಜಿಗೆ, ಕರಿಬೇವು, ಅರ್ಧ ಲೋಟ ಕಾಫಿಪುಡಿ ಎಲ್ಲ ಅಲ್ಲಿಂದಲೇ ಓಡಾಡಿದವು. ಮಕ್ಕಳು ಕ್ರಿಕೆಟ್ ಆಡಿದ್ದು, ಸೈಕಲ್ ಕಲಿತದ್ದು, ಸಂಕ್ರಾಂತಿಗೆ ಎಳ್ಳುಬೆಲ್ಲದ ತಟ್ಟೆ ಹಿಡಿದು ಹತ್ತು ಮನೆ ಸುತ್ತಿದ್ದು, ನವರಾತ್ರಿಯಲ್ಲಿ ಗೊಂಬೆ ಆರತಿಗೆ ಓಡಿದ್ದು ಇದೇ ದಾರಿಯಲ್ಲಿ. ಎಂಬತ್ತು ದಾಟಿದ ನಮ್ಮ ಹಿರಿಯರೊಬ್ಬರು ದಿನಾ ಸಂಜೆ ಓಣಿ ಹಿಡಿದು ಮೂರು ಮನೆಯಾಚೆಯ ಗೆಳೆಯರ ಮನೆಗೆ ಹೋಗಿ ಬರುತ್ತಿದ್ದರು. ಮುಂದಿನ ರಸ್ತೆಯ ವಾಹನಗಳಲ್ಲಿ ಅವರು ದಾಟಲಾರರು, ಹಿಂದೆ ಕಾಲಿಡಲು ಜಾಗವಿಲ್ಲ. ಎರಡು ವರ್ಷದಿಂದ ಆ ಇಬ್ಬರು ಫೋನಿನಲ್ಲಿ ಮಾತಾಡಿಕೊಳ್ಳುತ್ತಿದ್ದಾರೆ.

ಇನ್ನು ನಾವು ಅಲೆದ ಕಥೆ. ಮೂರು ವರ್ಷದ ಹಿಂದೆ ಯುಗಾದಿಯ ಮುಂಚೆ ಮೊದಲ ಪತ್ರ ಕೊಟ್ಟೆವು. ಒಬ್ಬರು ತಮ್ಮ ಕಟ್ಟಡ ಒಡೆದು ಇಟ್ಟಿಗೆ, ಮಣ್ಣು, ಕಮೋಡಿನ ಚೂರುಗಳನ್ನೆಲ್ಲ ಓಣಿಗೆ ಸುರಿದಿದ್ದರು. ಅದು ಕೊಳಚೆ ಹರಿಯುವ ದಾರಿಗೆ ಅಡ್ಡವಾಯಿತು. ವಾರ್ಡ್ ಕಚೇರಿಯವರು ಘನತ್ಯಾಜ್ಯ ವಿಭಾಗಕ್ಕೆ ಹೋಗಿ ಎಂದರು. ಅಲ್ಲಿ ಕಟ್ಟಡದ ತ್ಯಾಜ್ಯ ನಮಗೆ ಬರುವುದಿಲ್ಲ, ಇಂಜಿನಿಯರಿಂಗಿಗೆ ಹೋಗಿ ಎಂದರು. ಇಂಜಿನಿಯರಿಂಗಿನವರು ಒಳಚರಂಡಿ ಬೇರೆಯವರದು ಎಂದರು. ಆ ಬೇರೆಯವರು, ಓಣಿ ತೆರವಾಗದೆ ನಮ್ಮ ಗಾಡಿ ಒಳಗೆ ಬರುವುದಿಲ್ಲ, ಪಾಲಿಕೆಯನ್ನೇ ಕೇಳಿ ಎಂದು ವಾಪಸು ಕಳಿಸಿದರು. ಈ ಸುತ್ತನ್ನು ನಾವು ಒಂದು ಸಲವಲ್ಲ, ನಾಲ್ಕು ಸಲ ಸುತ್ತಿದ್ದೇವೆ. ಮೊಣಕಾಲು ನೋವಿನ ನಿವೃತ್ತ ಶಿಕ್ಷಕಿಯೊಬ್ಬರು ಎರಡು ಮಹಡಿ ಹತ್ತಿ ಕಾದು ಕೂತಾಗ "ಸಾಹೇಬರು ಮೀಟಿಂಗಿಗೆ ಹೋಗಿದ್ದಾರೆ" ಎಂದು ಮೂರೂವರೆಗೆ ಹೇಳಿದರು. ಆ ಮಾತನ್ನು ಬೆಳಿಗ್ಗೆಯೇ ಹೇಳಲು ಏನು ಅಡ್ಡಿಯಿತ್ತು?

ದೂರನ್ನು ಪಾಲಿಕೆಯ ಆ್ಯಪಿನಲ್ಲಿ ಹಾಕಿ ಎಂದರು, ಹಾಕಿದೆವು. ಐದೇ ದಿನದಲ್ಲಿ "ದೂರು ಇತ್ಯರ್ಥವಾಗಿದೆ" ಎಂದು ಬಂತು, ಜೊತೆಗೊಂದು ಸ್ವಚ್ಛವಾದ ಗಲ್ಲಿಯ ಫೋಟೋ. ಆ ಫೋಟೋದಲ್ಲಿರುವುದು ನಮ್ಮ ಓಣಿಯೇ ಅಲ್ಲ. ಎಂಬತ್ತು ವರ್ಷದಿಂದ ಇಲ್ಲೇ ಇರುವವರಿಗೆ ತಮ್ಮ ಗೋಡೆ ಯಾವುದೆಂದು ಗೊತ್ತಾಗುವುದಿಲ್ಲವೇ? ಮತ್ತೆ ದೂರು ಹಾಕಿದೆವು, ಮತ್ತೆ ಮುಚ್ಚಿದರು. ನಮಗೆ ಕೋಪ ಬಂದದ್ದು ಕಸಕ್ಕಿಂತ ಹೆಚ್ಚಾಗಿ ಈ ಸುಳ್ಳಿಗೆ.

ಒಂದೇ ಒಂದು ಸಲ, ಆಯುಧಪೂಜೆಗೆ ಮುಂಚೆ, ಟ್ರ್ಯಾಕ್ಟರ್ ಬಂತು. ಅರ್ಧ ಕಸ ತುಂಬಿಕೊಂಡು ಹೋಯಿತು. ಉಳಿದರ್ಧಕ್ಕೆ ನಾಳೆ ಬರುತ್ತೇವೆ ಎಂದವರು ಇವತ್ತಿಗೂ ಬಂದಿಲ್ಲ. ಅಷ್ಟರಲ್ಲಿ ಓಣಿಯ ಇನ್ನೊಂದು ತುದಿಯನ್ನು ಇಬ್ಬರು ಶೀಟು ಹಾಕಿ ಮುಚ್ಚಿಕೊಂಡರು. ಒಬ್ಬರು ಗೋಡೌನ್ ಮಾಡಿದ್ದಾರೆ, ಇನ್ನೊಬ್ಬರು ಜನರೇಟರ್ ಇಟ್ಟಿದ್ದಾರೆ. ಸರ್ವೆಯರ್ ಬಂದು ಅಳೆಯುತ್ತಾರೆ ಎಂದು ಹೇಳಿ ಹನ್ನೊಂದು ತಿಂಗಳಾಯಿತು. ಸಾರ್ವಜನಿಕ ಜಾಗ ನುಂಗಿದವರಿಗೆ ನೋಟಿಸ್ ಹೋಗಿದೆಯೇ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿದರೆ "ಕಡತ ಲಭ್ಯವಿಲ್ಲ" ಎಂಬ ಉತ್ತರ. 2020ರ ಸೆಪ್ಟೆಂಬರ್‌ನಲ್ಲಿ ಕಾರ್ಪೊರೇಟರುಗಳ ಅವಧಿ ಮುಗಿದ ಮೇಲೆ, ಬೆಳಿಗ್ಗೆ ಹೋಗಿ ಬಾಗಿಲು ತಟ್ಟಿ ಜಗಳ ಆಡಲು ನಮಗೆ ಒಬ್ಬರೂ ಇಲ್ಲದಂತಾಯಿತು.

ಓಣಿಯ ಮಾತು ಇದ್ದೇ ಇದೆ. ಉಳಿದದ್ದನ್ನೂ ಹೇಳಿಬಿಡುತ್ತೇವೆ, ಏಕೆಂದರೆ ಎಂಟನೆಯ ಪತ್ರ ಬರೆಯುವ ತಾಳ್ಮೆ ನಮಗಿಲ್ಲ. ನಲ್ಲಿಯಲ್ಲಿ ಬರುವ ಕಾವೇರಿ ನೀರು ಮಳೆ ಬಂದ ಮಾರನೆಯ ದಿನ ಕೊಳಚೆ ವಾಸನೆ ಹೊಡೆಯುತ್ತದೆ. ಸಂಪು ತೊಳೆಸಿ ತೊಳೆಸಿ ಸಾಕಾಗಿದೆ. ಕೇಬಲ್ಲಿಗೆಂದು ಅಗೆದ ಫುಟ್‌ಪಾತಿನ ಕಲ್ಲುಗಳನ್ನು ಹಾಗೇ ಬಿಟ್ಟಿದ್ದಾರೆ, ಒಬ್ಬ ಅಜ್ಜಿ ಬಿದ್ದು ಸೊಂಟ ಮುರಿದುಕೊಂಡರು. ಕಡಿದ ಮರದ ಕೊಂಬೆಗಳು ತಿಂಗಳುಗಟ್ಟಲೆ ಗೇಟಿನ ಮುಂದೆ ಒಣಗುತ್ತವೆ. ಬೀದಿದೀಪ ಕೆಟ್ಟರೆ ಕಂಬದ ನಂಬರ್ ಕೇಳುತ್ತಾರೆ, ಕಂಬದ ಮೇಲೆ ನಂಬರೇ ಇಲ್ಲ. ತಿಂಡಿಗೆ ಬರುವವರ ಕಾರುಗಳು ಗೇಟಿಗೆ ಅಡ್ಡ ನಿಂತು ಆಂಬುಲೆನ್ಸ್ ಒಳಗೆ ಬಾರದ ದಿನವನ್ನೂ ಕಂಡಿದ್ದೇವೆ.

ಕಡಲೆಕಾಯಿ ಪರಿಷೆಯ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಸುಂಕೇನಹಳ್ಳಿ, ಮಾವಳ್ಳಿ, ಗುಟ್ಟಹಳ್ಳಿ, ಹೊಸಕೆರೆಹಳ್ಳಿಯ ರೈತರು ತಮ್ಮ ಮೊದಲ ಬೆಳೆಯನ್ನು ದೊಡ್ಡ ಬಸವಣ್ಣನಿಗೆ ಒಪ್ಪಿಸಿದ ನೆನಪಿನ ಹಬ್ಬ ಅದು. ಹೊಲಗಳು ಹೋದವು, ಹಬ್ಬ ಉಳಿಯಿತು. ಕಾರ್ತೀಕದ ಕಡೇ ಸೋಮವಾರ ದೂರದ ಊರುಗಳಿಂದ ಮೂಟೆ ಹೊತ್ತು ಬರುವ ರೈತರು ನಮ್ಮ ಮನೆಗಳ ಜಗಲಿಯಲ್ಲಿ ಮಲಗುತ್ತಾರೆ, ನಾವು ನೀರು, ಮಜ್ಜಿಗೆ ಕೊಡುತ್ತೇವೆ. ಅದು ನಮಗೆ ಹೆಮ್ಮೆ. ಆದರೆ ಲಕ್ಷಾಂತರ ಜನ ಬಂದು ಹೋಗುವ ಕಡೆ ಶೌಚಾಲಯ ಸಾಲದೆ ಹೆಂಗಸರು ಕತ್ತಲಾಗುವವರೆಗೆ ಕಾದು ನಮ್ಮ ಓಣಿಗೆ ಬರಬೇಕಾದ ಸ್ಥಿತಿ ನಮಗೆ ನಾಚಿಕೆ ತರುತ್ತದೆ. ತಮಗೂ ತರಬೇಕು.

ಪೌರನ ಕರ್ತವ್ಯ ಏನೆಂದು ಜನಕ್ಕೆ ತಿಳಿಸಲು 1945ರಲ್ಲಿ ಡಿ.ವಿ.ಜಿ. ಅವರು ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದ್ದು ಇಲ್ಲಿ, ಇದೇ ಬುಲ್ ಟೆಂಪಲ್ ರಸ್ತೆಯಲ್ಲಿ. ನಮ್ಮ ಕರ್ತವ್ಯ ನಾವು ಮಾಡುತ್ತಿದ್ದೇವೆ. ತೆರಿಗೆಯನ್ನು ಏಪ್ರಿಲ್‌ನಲ್ಲೇ ಕಟ್ಟುತ್ತೇವೆ, ಹಸಿ ಕಸ ಒಣ ಕಸ ಬೇರೆ ಮಾಡುತ್ತೇವೆ, ಎರಡು ಸಲ ನಾವೇ ಚಂದಾ ಎತ್ತಿ ಓಣಿಯ ಬಾಯನ್ನು ಶುಚಿ ಮಾಡಿಸಿದ್ದೇವೆ. ಮೂರನೆಯ ಸಲ ಮಾಡಿಸುವುದಿಲ್ಲ. ಅದು ತಮ್ಮ ಕೆಲಸ.

ಆದ್ದರಿಂದ ಓಣಿಯಲ್ಲಿರುವ ಕಟ್ಟಡದ ತ್ಯಾಜ್ಯವನ್ನು ಪೂರ್ತಿಯಾಗಿ ಎತ್ತಿಸಬೇಕು, ಅರ್ಧಕ್ಕೆ ಬಿಡಬಾರದು. ಚೇಂಬರುಗಳನ್ನು ಮೆಷಿನ್ನಿನಿಂದಲೇ ತೆಗೆಸಬೇಕು, ಯಾವ ಮನುಷ್ಯನನ್ನೂ ಇಳಿಸಬಾರದು. ಮೂಲ ನಕ್ಷೆ ತೆಗೆದು ನಮ್ಮೆದುರಿಗೇ ಅಳತೆ ಮಾಡಿಸಿ ಒತ್ತುವರಿ ಬಿಡಿಸಬೇಕು. ಒಂದು ಇಲಾಖೆಯಿಂದ ಇನ್ನೊಂದಕ್ಕೆ ಓಡಿಸದಂತೆ, ಈ ಕೆಲಸಕ್ಕೆ ಹೊಣೆಯಾದ ಒಬ್ಬ ಅಧಿಕಾರಿಯ ಹೆಸರು ಮತ್ತು ಫೋನ್ ನಂಬರನ್ನು ಬರಹದಲ್ಲಿ ಕೊಡಬೇಕು. ಓಣಿಯನ್ನು ಮುಚ್ಚುವ ಅಥವಾ ಯಾರಿಗಾದರೂ ಕೊಡುವ ಪ್ರಸ್ತಾವ ಇದ್ದರೆ ಇಂದೇ ಕೈಬಿಡಬೇಕು.

ಹದಿನೈದು ದಿನ ಕಾಯುತ್ತೇವೆ. ಅಷ್ಟರಲ್ಲಿ ಕೆಲಸ ಶುರುವಾಗದಿದ್ದರೆ, ಆರೂ ಸ್ವೀಕೃತಿ ಪತ್ರಗಳು ಮತ್ತು ಆ ಸುಳ್ಳು ಫೋಟೋ ಸಮೇತ ಲೋಕಾಯುಕ್ತಕ್ಕೆ ದೂರು ಕೊಡುತ್ತೇವೆ. ಹಿರಿಯರು, ಹೆಂಗಸರು, ಮಕ್ಕಳು ಎಲ್ಲರೂ ತಮ್ಮ ಕಚೇರಿಯ ಮೆಟ್ಟಿಲ ಮೇಲೆ ಬಂದು ಕೂರುತ್ತೇವೆ.

ವಂದನೆಗಳೊಂದಿಗೆ,
ಬಸವನಗುಡಿ ಹಳೆಯ ಬಡಾವಣೆಯ ನಿವಾಸಿಗಳು

ಲಗತ್ತು: ಹಿಂದಿನ ಆರು ಮನವಿಗಳ ಪ್ರತಿ, ಓಣಿಯ ಈಗಿನ ಫೋಟೋಗಳು, ಸಹಿಗಳ ಪಟ್ಟಿ