ಬೀಳದ ಗುಡ್ಡಕ್ಕೆ ಫಾರಂ ಇಲ್ಲ

ಸಂಪಾದಕರಿಗೆ,

ಮಾನ್ಯರೇ,

ಎಂಜಿನಿಯರುಗಳ ದಿನಕ್ಕೆಂದು ನೀವು ತಂದ ವಿಶೇಷ ಪುಟ ಓದಿದೆ. ವಿಶ್ವೇಶ್ವರಯ್ಯನವರ ಫೋಟೊ, ಕನ್ನಂಬಾಡಿ ಕಟ್ಟೆ, ಪಕ್ಕದಲ್ಲಿ ರೋಬೋಟು. ಎಲ್ಲ ಚೆನ್ನಾಗಿತ್ತು. ಆದರೆ ಬೆಂಗಳೂರಿನಲ್ಲೇ ಜೋಡಣೆಯಾಗಿ ಮೇಲೆ ಹೋದ, ಅಮೆರಿಕದ ನಾಸಾ ಮತ್ತು ನಮ್ಮ ಇಸ್ರೋ ಕೂಡಿ ಮಾಡಿದ ನಿಸಾರ್ ಉಪಗ್ರಹಕ್ಕೆ ಸಿಕ್ಕಿದ್ದು ಎರಡೇ ಸಾಲು. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆದೀತು, ಕತ್ತರಿ ನಿಮ್ಮ ಕೈಯಲ್ಲೇ ಇದೆ.

ನಾನು ಪಾಲಿಟೆಕ್ನಿಕ್‌ನಲ್ಲಿ ಸಿವಿಲ್ ಪಾಠ ಹೇಳಿ ನಿವೃತ್ತನಾದವನು. ಮನೆ ಇರುವುದು ಕುಮಟಾ ತಾಲ್ಲೂಕಿನಲ್ಲಿ, ಗುಡ್ಡದ ಬುಡಕ್ಕೆ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಹೆದ್ದಾರಿ ಮೇಲೆ ಕುಸಿದು ಗಂಗಾವಳಿ ನದಿಗೆ ಇಳಿಯಿತಲ್ಲ, ಅದೇ ವಾರ ನಮ್ಮ ಹಿತ್ತಿಲ ಧರೆಯ ಮೇಲೆ, ಗೇರು ಮರಗಳ ನಡುವೆ, ಒಂದು ಬಿರುಕು ಕಂಡಿತು. ಬೆರಳು ಹೋಗುವಷ್ಟು. ಅದರ ಎರಡೂ ಕಡೆ ಕಬ್ಬಿಣದ ಸರಳು ಹೊಡೆದೆ. ದಿನಾ ಬೆಳಿಗ್ಗೆ ಆರಕ್ಕೆ ಕೊಡೆ ಹಿಡಿದು ಹೋಗಿ ಟೇಪಿನಲ್ಲಿ ಅಳೆದು ಬರೆದಿಟ್ಟೆ. ಮೊದಲ ದಿನ 112 ಸೆಂ.ಮೀ. ಎರಡು ವಾರದ ಮೇಲೆ 115. ಮಳೆ ಕಡಿಮೆಯಾದಾಗ ಅದೂ ನಿಂತಿತು.

ಆ ನೋಟ್‌ಬುಕ್ ಹಿಡಿದು ಒಂದು ಕಚೇರಿಗೆ ಹೋದೆ. 'ಇನ್ನೂ ಬಿದ್ದಿಲ್ಲ ಅಲ್ವಾ ಸರ್? ಬಿದ್ದ ಮೇಲೆ ಅರ್ಜಿ ಕೊಡಿ, ಪರಿಹಾರಕ್ಕೆ ಬರೆಯೋಣ' ಅಂದರು. ಅವರನ್ನು ಬೈದು ಪ್ರಯೋಜನವಿಲ್ಲ. ಬೀಳದ ಗುಡ್ಡಕ್ಕೆ ಅವರ ಹತ್ತಿರ ಫಾರಂ ಇರಲಿಲ್ಲ, ಅಷ್ಟೇ.

ನಿಸಾರ್ ಮಾಡುವುದು ನನ್ನ ಟೇಪಿನ ಕೆಲಸವನ್ನೇ. 747 ಕಿ.ಮೀ. ಎತ್ತರದಿಂದ ಅದು ರೇಡಾರ್ ಅಲೆ ಕಳಿಸುತ್ತದೆ. ನೆಲಕ್ಕೆ ತಾಗಿ ಮರಳಿದ ಅಲೆಯನ್ನು ಹಿಡಿದಿಡುತ್ತದೆ. 12 ದಿನ ಬಿಟ್ಟು ಅದೇ ದಾರಿಯಲ್ಲಿ ಬಂದು ಮತ್ತೆ ಕಳಿಸುತ್ತದೆ. ನಡುವೆ ಗುಡ್ಡ ಒಂದು ಸೆಂಟಿಮೀಟರ್ ಸರಿದಿದ್ದರೂ ಎರಡನೇ ಸಲದ ಅಲೆಯ ಲಯ ಮೊದಲಿನದಕ್ಕೆ ಕೂಡುವುದಿಲ್ಲ. ಆ ವ್ಯತ್ಯಾಸದಿಂದ ಎಷ್ಟು ಸರಿದಿದೆ ಎಂದು ಲೆಕ್ಕ ಹಾಕುತ್ತಾರೆ. ರಾತ್ರಿಯಾದರೂ ಸರಿ, ಮೋಡವಿದ್ದರೂ ಸರಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಮುಖ ತೋರಿಸದ ನಮ್ಮ ಆಕಾಶಕ್ಕೆ ಇದು ದೊಡ್ಡ ಮಾತು. ತಮಾಷೆ ನೋಡಿ, ಅದು ಒಂದು ಊರಿನ ಮೇಲೆ ಹಾಯುವುದೂ ಬೆಳಿಗ್ಗೆ ಆರು, ಸಂಜೆ ಆರರ ಆಸುಪಾಸಿನಲ್ಲೇ. ನಾನು ಟೇಪ್ ಹಿಡಿಯುವ ಹೊತ್ತು.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಯುರೋಪಿನವರ ಸೆಂಟಿನೆಲ್-1 ಉಪಗ್ರಹ ಇಂಥ ಕೆಲಸವನ್ನು 2014ರಿಂದಲೇ ಮಾಡುತ್ತಿದೆ, ಅದರ ಮಾಹಿತಿಯೂ ಉಚಿತ. ಆದರೆ ಅದರ ಅಲೆಯ ಉದ್ದ ಐದೂವರೆ ಸೆಂಟಿಮೀಟರ್ ಚಿಲ್ಲರೆ. ಅಡಿಕೆ ಸೋಗೆಗೆ, ಕಾಡಿನ ಎಲೆಗೆ ತಾಗಿ ಅಲ್ಲೇ ಚದುರಿಬಿಡುತ್ತದೆ. ಎಲೆಯೇ ಇಲ್ಲದ ಗುಡ್ಡ ನಮ್ಮ ಕಡೆ ಎಲ್ಲಿದೆ ಹೇಳಿ? ನಿಸಾರ್‌ನ ಎರಡು ರೇಡಾರ್‌ಗಳಲ್ಲಿ ಒಂದರ ಅಲೆ 24 ಸೆಂ.ಮೀ. ಉದ್ದದ್ದು. ಅದು ಎಲೆಗಳ ನಡುವೆ ನುಸುಳಿ ನೆಲ ಮುಟ್ಟಬಲ್ಲದು.

ಆ ಉದ್ದ ಅಲೆಯ ರೇಡಾರ್ ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿರುವ ನಾಸಾದ ಪ್ರಯೋಗಾಲಯ ಜೆಪಿಎಲ್‌ನದು. ಚಿಕ್ಕ ಅಲೆಯದ್ದು ಇಸ್ರೋದ ಅಹಮದಾಬಾದ್ ಕೇಂದ್ರದ್ದು. ಅಹಮದಾಬಾದಿನ ಪೆಟ್ಟಿಗೆ ಮೊದಲು ಅಮೆರಿಕಕ್ಕೆ ಹೋಯಿತು. ಅಲ್ಲಿ ಎರಡನ್ನೂ ಕೂಡಿಸಿದರು. 2023ರ ಮಾರ್ಚ್‌ನಲ್ಲಿ ಅಮೆರಿಕದ ವಾಯುಪಡೆಯ ಸರಕು ವಿಮಾನದಲ್ಲಿ ಆ ಜೋಡಿ ಬೆಂಗಳೂರಿಗೆ ಬಂತು. ಇಲ್ಲಿ ಉಪಗ್ರಹದ ಒಡಲಿಗೆ ಸೇರಿಸಿ ಬಿಸಿ, ಚಳಿ, ಅಲುಗಾಟ ಎಲ್ಲ ಪರೀಕ್ಷೆ ನಡೆಯಿತು. ಆಗ ಗೊತ್ತಾಗಿದ್ದು, ಮಡಚಿಟ್ಟ ಆಂಟೆನಾ ಬಾಹ್ಯಾಕಾಶದಲ್ಲಿ ಎಣಿಸಿದ್ದಕ್ಕಿಂತ ಜಾಸ್ತಿ ಬಿಸಿಯಾಗಬಹುದು ಅಂತ. ಬಿಚ್ಚಿದರು. ಮತ್ತೆ ಕ್ಯಾಲಿಫೋರ್ನಿಯಾಕ್ಕೆ ಕಳಿಸಿದರು. ಬಿಸಿಲನ್ನು ಹಿಂದಕ್ಕೆ ತಳ್ಳುವ ಲೇಪ ಮಾಡಿಸಿ ವಾಪಸ್ ತಂದರು. ಉಡಾವಣೆ ಒಂದು ವರ್ಷಕ್ಕೂ ಹೆಚ್ಚು ಮುಂದೆ ಹೋಯಿತು. 'ಹೋಗ್ಲಿ ಬಿಡಿ, ನಡೆಯುತ್ತೆ' ಅನ್ನದೆ ಬಿಚ್ಚಿದರಲ್ಲ, ನನಗೆ ಇಡೀ ಯೋಜನೆಯಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಅದು.

ಆ ಆಂಟೆನಾ ನೋಡಬೇಕು ನೀವು. ಬಿಚ್ಚಿಕೊಂಡಾಗ 12 ಮೀಟರ್ ಅಗಲ, ನಮ್ಮ ವಾಲಿಬಾಲ್ ಅಂಗಳದ ಅಗಲಕ್ಕಿಂತ ಜಾಸ್ತಿ. ತೂಕ ಮಾತ್ರ 64 ಕೆ.ಜಿ., ಒಂದು ಅಕ್ಕಿ ಮೂಟೆಗಿಂತ ತುಸು ಹೆಚ್ಚು. 123 ಹಗುರ ಕಡ್ಡಿಗಳ ಚೌಕಟ್ಟು, ಅದಕ್ಕೆ ಚಿನ್ನದ ಲೇಪದ ತಂತಿ ಬಲೆ. ಮೇಲೆ ಹೋಗುವಾಗ ಕೊಡೆಯ ಹಾಗೆ ಮಡಚಿಕೊಂಡಿತ್ತು. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಜಿಎಸ್‌ಎಲ್‌ವಿ ರಾಕೆಟ್ಟಿನಲ್ಲಿ ಹೊರಟು, ಆಗಸ್ಟ್ 15ರಂದು ಬಿಚ್ಚಿಕೊಂಡಿತು. ಒಪ್ಪಂದಕ್ಕೆ ಸಹಿ ಬಿದ್ದದ್ದು 2014ರ ಸೆಪ್ಟೆಂಬರ್‌ನಲ್ಲಿ. ಹೆಚ್ಚುಕಮ್ಮಿ ಹನ್ನೊಂದು ವರ್ಷ.

ಎರಡು ದೇಶದವರು ಕೂಡಿ ಕೆಲಸ ಮಾಡುವುದು ಅಂದರೆ ಕೈ ಕುಲುಕುವ ಫೋಟೊ ಅಲ್ಲ. ಇಲ್ಲಿ ರಾತ್ರಿ ಊಟದ ಹೊತ್ತಾದರೆ ಅಲ್ಲಿ ಬೆಳಗಿನ ಕಾಫಿ. ಯಾರ ಬೋಲ್ಟು ಯಾರ ತೂತಿಗೆ ಕೂರಬೇಕು ಎಂದು ಪುಟಗಟ್ಟಲೆ ಬರೆದು ಒಪ್ಪಿಕೊಳ್ಳಬೇಕು. 1999ರಲ್ಲಿ ಮಂಗಳಕ್ಕೆ ಹೋದ ನಾಸಾದ ಒಂದು ನೌಕೆ ಹಾಳಾದದ್ದು ಇಂಥದ್ದರಲ್ಲೇ. ಒಂದು ತಂಡ ಪೌಂಡಿನಲ್ಲಿ ಲೆಕ್ಕ ಕೊಟ್ಟಿತು, ಇನ್ನೊಂದು ಅದನ್ನು ನ್ಯೂಟನ್ ಎಂದುಕೊಂಡಿತು. ಅದೂ ಒಂದೇ ದೇಶದೊಳಗೆ! ಯೂನಿಟ್ ಬರೆಯದ ಹುಡುಗರಿಗೆ ನಾನು ಒಂದು ಮಾರ್ಕ್ ಕತ್ತರಿಸುತ್ತಿದ್ದೆ. ಜಿಪುಣ ಮೇಷ್ಟ್ರು ಅಂತ ಹೆಸರು ಬಂತು. ಆ ನೌಕೆಯ ಕತೆ ಹೇಳಿದ ಮೇಲೆ ಗೊಣಗಾಟ ನಿಂತಿತು.

ಹೊರಗಿನವರ ಜೊತೆ ಕೂಡಿ ಕೆಲಸ ಮಾಡಿದ್ದು ನಮಗೆ ಹೊಸದೂ ಅಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ ಹುಟ್ಟಿದಾಗ ಟರ್ಬೈನ್ ಸ್ವಿಟ್ಜರ್ಲೆಂಡಿನದು, ಜನರೇಟರ್ ಅಮೆರಿಕದ್ದು, ಬೆನ್ನು ಹತ್ತಿ ಮಾಡಿಸಿದ ಎಂಜಿನಿಯರ್ ಜಾಲಿ ಡಿ ಲಾಟ್ಬಿನಿಯರ್ ಕೆನಡಾ ಮೂಲದವರು. 147 ಕಿ.ಮೀ. ತಂತಿ ಎಳೆದರು. ಎಲ್ಲಿಗೆ? ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ನಡುವಿನ ಹಳ್ಳಿಯವರು ತಲೆ ಮೇಲೆ ಹೋಗುವ ತಂತಿ ನೋಡುತ್ತ ಎಷ್ಟೋ ವರ್ಷ ಚಿಮಣಿ ದೀಪದಲ್ಲೇ ಉಂಡರು.

ನನಗೆ ಹೆದರಿಕೆ ಇರುವುದು ಇಲ್ಲೇ. ನಿಸಾರ್ ಕೂಡ ಹಾಗೆ ತಲೆ ಮೇಲೆ ಹಾದು ಹೋಗಿಬಿಟ್ಟರೆ? ಅದರ ಮಾಹಿತಿ ಜಗತ್ತಿನ ಯಾರಿಗೂ ಉಚಿತ, ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಸಿಗಬೇಕು. ಆದರೆ ಅದು ಗುಡ್ಡದ ಫೋಟೊ ಅಲ್ಲ, ಅಂಕಿಗಳ ರಾಶಿ. ಬಿಡಿಸಿ ಓದಲು ಬಲ್ಲವರು ಬೇಕು. ನಮ್ಮ ಜಿಲ್ಲೆಯಲ್ಲಿ ಆ ಕೆಲಸಕ್ಕೆ ಯಾರನ್ನು ಕೂರಿಸಿದ್ದಾರೆ?

ಮಳೆಯ ಲೆಕ್ಕ ನಮ್ಮ ಹತ್ತಿರ ಈಗಲೇ ಇದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ಅದರ ಪಕ್ಕದಲ್ಲಿ ಗುಡ್ಡದ ಲೆಕ್ಕವನ್ನೂ ಇಡಿ ಎನ್ನುವುದಷ್ಟೇ ನನ್ನ ಮಾತು. ಉತ್ತರ ಕನ್ನಡ, ಕೊಡಗು, ಚಿಕ್ಕಮಗಳೂರಿನ ಎಂಜಿನಿಯರಿಂಗ್ ಕಾಲೇಜು, ಪಾಲಿಟೆಕ್ನಿಕ್‌ಗಳ ಹುಡುಗ ಹುಡುಗಿಯರಿಗೆ ಇದನ್ನೇ ಪ್ರಾಜೆಕ್ಟ್ ಕೊಡಿ. ಹಳೆ ವರ್ಷದ ಪ್ರಾಜೆಕ್ಟನ್ನೇ ಹೊಸ ರಟ್ಟು ಹಾಕಿಸಿ ತರುವುದಾದರೂ ತಪ್ಪೀತು. ಬೇಕಾದ ಸಾಫ್ಟ್‌ವೇರ್ ಉಚಿತವಾಗಿಯೇ ಸಿಗುತ್ತದೆ.

ಕೈಯಾರೆ ಮಾಡುವ ಕೆಲಸವೂ ಇದೆ. ಮೂರು ಅಲ್ಯುಮಿನಿಯಂ ಹಲಗೆಗಳನ್ನು ಪೆಟ್ಟಿಗೆಯ ಒಳಮೂಲೆಯ ಹಾಗೆ ಸರಿಯಾಗಿ ಲಂಬವಾಗಿ ಜೋಡಿಸಿದರೆ, ಅದು ರೇಡಾರ್ ಅಲೆಯನ್ನು ಬಂದ ದಾರಿಗೇ ತಿರುಗಿಸಿ ಕಳಿಸುತ್ತದೆ. ಉಪಗ್ರಹದ ಚಿತ್ರದಲ್ಲಿ ಆ ಜಾಗ ಚುಕ್ಕಿಯ ಹಾಗೆ ಹೊಳೆಯುತ್ತದೆ, ನನ್ನ ಸರಳುಗಳ ಹಾಗೆ ಅಳತೆಗೆ ಗಟ್ಟಿ ಗುರುತಾಗುತ್ತದೆ. ಕ್ಯಾಲಿಫೋರ್ನಿಯಾದ ರೋಸಮಂಡ್ ಎಂಬಲ್ಲಿ ಒಣಗಿದ ಕೆರೆಯಂಗಳದಲ್ಲಿ ಜೆಪಿಎಲ್‌ನವರು ಇಂಥವನ್ನು ಸಾಲಾಗಿ ನಿಲ್ಲಿಸಿದ್ದಾರೆ. ಆಳೆತ್ತರದ ಹಲಗೆ ಬೇಕು, ಅಳತೆ ತಪ್ಪಬಾರದು. ನಮ್ಮೂರ ವೆಲ್ಡಿಂಗ್ ಶಾಪಿನವರಿಗೆ ಕೂತು ವಿವರಿಸಿದರೆ ಖಂಡಿತ ಮಾಡುತ್ತಾರೆ. ಒಂದು ತಿದ್ದುಪಡಿ ಮಾತ್ರ: ತಳದಲ್ಲಿ ದೊಡ್ಡ ತೂತು ಇಡಬೇಕು. ಇಲ್ಲದಿದ್ದರೆ ನಮ್ಮ ಮಳೆಗೆ ಎರಡು ದಿನದಲ್ಲಿ ಅದು ದರಗೆಲೆ ತುಂಬಿದ ಬಾನಿ ಆಗುತ್ತದೆ.

ಇದರಿಂದ ಎಲ್ಲ ಗುಡ್ಡ ಕುಸಿತ ಮೊದಲೇ ಗೊತ್ತಾಗುತ್ತದೆ ಎಂದು ಯಾರೂ ತಿಳಿಯಬಾರದು. ಒಂದೇ ರಾತ್ರಿಯ ಮಳೆಗೆ ದಿಢೀರನೆ ಇಳಿಯುವ ಮಣ್ಣಿಗೆ 12 ದಿನಕ್ಕೊಮ್ಮೆ ಬರುವ ಉಪಗ್ರಹ ಏನೂ ಮಾಡಲಾರದು. ಆದರೆ ವರ್ಷಗಟ್ಟಲೆ ಒಂದೊಂದೇ ಸೆಂಟಿಮೀಟರ್ ಜಾರುವ ಗುಡ್ಡಗಳಿವೆ. ಯಾವ ಗುಡ್ಡದ ಕೆಳಗಿನ ಮನೆಯವರನ್ನು ಮೊದಲು ಸ್ಥಳಾಂತರಿಸಬೇಕು, ಎಲ್ಲಿ ರಸ್ತೆಗೆಂದು ಧರೆ ಕಡಿಯಬಾರದು ಎಂದು ಅವು ಬೇಸಿಗೆಯಲ್ಲೇ ಹೇಳಿಯಾವು.

ಈ ವಿಷಯದ ಬಗ್ಗೆ ಒಂದು ಪೂರ್ತಿ ಪುಟ ತನ್ನಿ ಎಂದು ನಿಮ್ಮಲ್ಲಿ ಕೇಳಿಕೊಳ್ಳುತ್ತೇನೆ. ಆಸಕ್ತಿ ಇರುವ ವಿದ್ಯಾರ್ಥಿಗಳು ಬಂದರೆ ನನ್ನ ಸರಳುಗಳು ಇನ್ನೂ ಅಲ್ಲೇ ಇವೆ, ನೋಟ್‌ಬುಕ್ಕೂ ಇದೆ. ಗುಡ್ಡ ಹತ್ತಿಸಿ ತೋರಿಸುತ್ತೇನೆ. ಗುಡ್ಡದಲ್ಲಿ ಉಂಬಳ ಜಾಸ್ತಿ. ಸುಣ್ಣ, ಹೊಗೆಸೊಪ್ಪು ನಾನೇ ಕೊಡುತ್ತೇನೆ.

ಇಂತಿ,
ನಿವೃತ್ತ ಸಿವಿಲ್ ಮೇಷ್ಟ್ರು,
ಕುಮಟಾ ತಾಲ್ಲೂಕು, ಉತ್ತರ ಕನ್ನಡ